ಸುರಂಗದಂಗಡಿಯ ಲಾಮಾರಾ ಹೇಳಿದ್ದು

ಟಿಬಿಲಿಸಿಯ ರೈಲುನಿಲ್ದಾಣದೆದುರು, ರಸ್ತೆಯಡಿಯ ಸುರಂಗದಲ್ಲಿ
ಕಾಲುಚೀಲ ಮಾರುವವಳಿಗೂ ಬೀಗದ ಕೈ ಉಜ್ಜುವವನಿಗೂ ನಡುವೆ
ಒಂದೂವರೆ ಮೀಟರಿನ ನನ್ನ ಅಂಗಡಿ.
ಬೋರ್ಡಿಲ್ಲ. ಕೆಟ್ಟದ್ದನ್ನು ಕಂಕುಳಲ್ಲಿ ಹಿಡಿದವರಿಗೆ
ಹೇಗೋ ದಾರಿ ಗೊತ್ತಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ ಇರಾಕ್ಲಿ, ಕಲಿಯಲು ಬಂದವನು ನೀನು:
ನಾನು ಹಳೇದರ ಭಕ್ತಳಲ್ಲ.
ಹೊಸ ಫೋನಿನ ಡಬ್ಬಿ ಎತ್ತಿದಾಗ
ಮುಚ್ಚಳ ಉಸಿರು ಬಿಡುತ್ತ ತಾನೇ ಜಾರುತ್ತದಲ್ಲ,
ಆ ಸದ್ದಿಗೆ ಅರವತ್ತೊಂದರಲ್ಲೂ ನನ್ನೆದೆ ಹಾರುತ್ತದೆ.
ಸಾಸಿವೆಗಿಂತ ಸಣ್ಣ ಸ್ಕ್ರೂ ಕಂಡರೆ
ಮಾಡಿದವನ ಕೈಗೆ ಮುತ್ತಿಡೋಣ ಅನಿಸುತ್ತದೆ.
ಸ್ಕ್ರೂ ಇರಬೇಕಾದಲ್ಲಿ ಅಂಟು ಸುರಿದಿದ್ದರೆ
ಅದಕ್ಕೆ ಬೇಕಾದ ಬೈಗುಳವೂ ದಾಸ್ತಾನಿದೆ.

ಬಟ್ಟೆ ಒಗೆದು ಮುಗಿಸಿದ್ದಕ್ಕೆ ಯಂತ್ರ ಹಾಡಬೇಕಿಲ್ಲ.
ನನ್ನಜ್ಜಿ ಒಗೆದಳು; ಬೆನ್ನು ಹಿಡಿದು ಎದ್ದಳು;
ಮುಗಿಯಿತೆಂದು ಮನೆಗೆಲ್ಲ ಗೊತ್ತಾಗುತ್ತಿತ್ತು.
ಚಾರ್ಜರಿನ ಮೂತಿಗೆ ನೀಲಿ ದೀಪವಿಟ್ಟವನು
ಒಂದು ರಾತ್ರಿ ಅದರ ಪಕ್ಕ ಮಲಗಿ ನೋಡಲಿ.
ಮತ್ತೆ ಈ ಪರದೆ ಕೇಳುವ ರೀತಿ ನೋಡು:
‘ಆಗಲಿ’ ಎಂಬುದು ಹಸಿರು, ಹೆಬ್ಬೆರಳಿನಷ್ಟು.
ಬೂದಿ ಬಣ್ಣದಲ್ಲಿ, ಮೂಲೆಯಲ್ಲಿ, ‘ಈಗ ಬೇಡ.’
ಬರೀ ‘ಬೇಡ’ ಎಲ್ಲಿ?
ಎರಡಕ್ಷರ. ಜಾಗ ಸಾಲಲಿಲ್ಲವೇ?
ನಮ್ಮಲ್ಲಿ ಊಟಕ್ಕೆ ಕೂತ ನೆಂಟ
ಲೋಟದ ಮೇಲೆ ಅಂಗೈ ಮುಚ್ಚಿದರೆ ವೈನ್ ಸುರಿಯುವುದಿಲ್ಲ.
ಸರಿ, ನಗಬೇಡ, ಸುರಿಯುತ್ತೇವೆ.
ಆದರೆ ಮುಖ ನೋಡಿ ಸುರಿಯುತ್ತೇವೆ.

ಗುಂಡಿ ಎಂದರೆ
ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಮರಳಬೇಕು.
ಉಳಿದದ್ದೆಲ್ಲ ಗುಂಡಿಯ ಚಿತ್ರ.
ಅಥವಾ ಇನ್ನೊಂದು ಥರದ ಗುಂಡಿ,
ಬಿದ್ದಮೇಲೆ ತಿಳಿಯುವಂಥದು.

ಅಂಬ್ರೋಸಿ ಬಿದ್ದ ಹಾಗೆ.
ಪಿಯಾನೋ ಶ್ರುತಿ ಮಾಡುವವನು, ಕಣ್ಣಿಲ್ಲದವನು.
ಬಟೂಮಿಯ ತಂಗಿ ಪ್ರೀತಿಯಿಂದ ಕಳಿಸಿದ ಹೊಸ ಒಲೆ:
ಕರೀ ಗಾಜು, ಅಂಚಿಂದಂಚಿಗೆ ನುಣುಪು,
ಗಾಳಿಯಿಲ್ಲದ ಕೆರೆ.
ಮುಟ್ಟಿದರೆ ಬೀಪ್. ತಪ್ಪಿ ಮುಟ್ಟಿದರೂ ಬೀಪ್.
ಹನ್ನೊಂದು ದಿನ ರೊಟ್ಟಿ, ಗಿಣ್ಣು ತಿಂದು
ಹನ್ನೆರಡನೆಯ ದಿನ ಕೋಲೂರುತ್ತ ಸುರಂಗಕ್ಕಿಳಿದ.
‘ಎಲ್ಲಕ್ಕೂ ಒಂದೇ ಸ್ವರ ಲಾಮಾರಾ,
ಅದೂ ಕೂದಲೆಳೆಯಷ್ಟು ಇಳಿದದ್ದು.’

ಅವನ ಮನೆ ಏಳನೇ ಮಹಡಿ.
ಲಿಫ್ಟು ನನಗಿಂತ ಹಿರಿಯದು, ನಾಣ್ಯ ಹಾಕಿದರೆ ಮಾತ್ರ ಏರುವುದು.
ನಾಣ್ಯ ಬಿದ್ದ ಸದ್ದು, ಹಲ್ಲು ಕಚ್ಚಿದ ಸದ್ದು, ಹಗ್ಗದ ನರಳು.
ಮಹಡಿಗೊಂದು ಟಕ್. ಅಂಬ್ರೋಸಿ ಎಣಿಸುತ್ತಿದ್ದ.
ಕೊಳಕು ಪೆಟ್ಟಿಗೆ, ಉಚ್ಚೆಯ ವಾಸನೆ,
ಆದರೆ ಸುಳ್ಳು ಹೇಳುವುದಿಲ್ಲ.

ನನ್ನ ಚೀಲದಲ್ಲಿದ್ದದ್ದು ಉಗುರುಬಣ್ಣ.
ಶುರು ಮಾಡುವಲ್ಲಿ ಒಂದು ಹನಿ, ಹೆಚ್ಚಿಸಲು ಎರಡು,
ತಗ್ಗಿಸಲು ಅಡ್ಡ ಗೆರೆ.
ಮೊದಲ ಹನಿ ದಪ್ಪವಾಯಿತು, ಬೆರಳು ಗಾಜಿಗೆ ತಾಗಲೇ ಇಲ್ಲ.
ಬ್ಲೇಡಿನಲ್ಲಿ ಕೆರೆದೆ. ಮತ್ತೆ ಇಟ್ಟೆ. ಊದಿದೆ.
‘ಯಾವ ಬಣ್ಣ?’ ಎಂದ.
ಕೆಂಪು ಎಂದೆ.
‘ಕರಿಗೆ ಕೆಂಪು. ಚೆನ್ನಾಗಿ ಕಾಣುತ್ತದಾ?’
ಅದನ್ನು ನಾನು ಯೋಚಿಸಿಯೇ ಇರಲಿಲ್ಲ.
ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ.
ಸಾಲು ಸ್ವಲ್ಪ ಸೊಟ್ಟ. ಒಂದನ್ನು ಅಳಿಸಿ, ನೇರ ಮಾಡಿ, ಹೌದು ಎಂದೆ.

ಮೊಟ್ಟೆ ಬೇಯಿಸಿದ. ಎರಡು, ನನಗೂ ಸೇರಿ.
ಉಪ್ಪು ದಾಟಿಸುತ್ತ ಕೇಳಿದ:
‘ಆ ಸ್ವರ ಏರಿಸಲು ಬರುವುದಿಲ್ಲವೇ?’
ಬರುವುದಿಲ್ಲ, ಅದು ಕಾರ್ಖಾನೆಯಲ್ಲೇ ಇಟ್ಟದ್ದು ಎಂದು
ಬಾಯಿಗೆ ಬಂದದ್ದು ಹೇಳಿ ಇಳಿದುಬಂದೆ.

ಅಲ್ಲಿಂದ ನಿದ್ದೆಯಿಲ್ಲ.
ಆ ಡಬ್ಬಿ ತೆಗೆ ಇರಾಕ್ಲಿ, ಹತ್ತಿಯಲ್ಲಿ ಸುತ್ತಿದ್ದಾರೆ, ಹುಷಾರು:
ಕಾಸಿನಗಲದ ಬಿಲ್ಲೆಗಳು, ಏಳು ಬಗೆ.
ಒಂದೊಂದಕ್ಕೂ ತಂತಿ ಮುಟ್ಟಿಸು.
ನಾನು ಫೋನು ಹಿಡಿದಿರುತ್ತೇನೆ,
ಆ ಕಡೆ ಅವನು ಕೇಳುತ್ತಾನೆ.